ಎರಡನೆಯ ಅಷ್ಟಮಿಯ ಮುಳ್ಕ

೧೩ ಆಗಸ್ಟ್ ೧೯೮೨, ಶುಕ್ರವಾರ

ಬ್ಯಾಂಕಿಗೆ ಕಾಲಿಟ್ಟದ್ದೇ ತಡ, ಪ್ಯೂನಿನಿಂದ ಹಿಡಿದು ಕ್ಯಾಷಿಯರ್‌ವರೆಗೆ ಎಲ್ಲರದ್ದೂ ಒಂದೇ ಪ್ರಶ್ನೆ: "ಬೌದಿಯ ಕೈ ಹೇಗಿದೆ?" ಅತ್ತಿಗೆ ಅತ್ತಿಗೆ ಎಂದು ಬಾಯಿತುಂಬ ಕರೆಯುವ ಈ ಜನಕ್ಕೆ ಬೇರೆ ಕೆಲಸವಿಲ್ಲ. ಸನ್ಯಾಲ್ ಬಾಬು ನನಗಿಂತ ಮೊದಲೇ ಬಂದು ಡಂಗುರ ಸಾರಿಯಾಗಿತ್ತು. ಮನೆಯಲ್ಲಿ ಹೇಳಿಕೊಳ್ಳೋಣವೆಂದರೆ ಹೆಂಡತಿಯ ಬಾಯಿಗೂ ಮಗಳ ಬಾಯಿಗೂ ಬೀಗ ಬಿದ್ದಿದೆ. ಬ್ಯಾಂಕಿನವರು ಜನವರಿಯಲ್ಲಿ ಕೊಟ್ಟ ಈ ಡೈರಿ ಇಷ್ಟು ದಿನ ಖಾಲಿ ಬಿದ್ದಿತ್ತು. ತಪ್ಪು ಯಾರದ್ದೆಂದು ಇದರಲ್ಲಾದರೂ ಬರೆದಿಡುತ್ತೇನೆ.

ಮೊದಲ ತಪ್ಪು ಸನ್ಯಾಲರದ್ದು. ಪ್ರತಿವರ್ಷ ಜನ್ಮಾಷ್ಟಮಿಯ ಹೊತ್ತಿಗೆ ಆ ಮನುಷ್ಯ ಟಿಫಿನ್ ಕ್ಯಾರಿಯರಿನಲ್ಲಿ 'ತಾಲೇರ್ ಬೊಡಾ' ತುಂಬಿಸಿಕೊಂಡು ಬರುತ್ತಾರೆ. ತಾಳೆಹಣ್ಣಿನ ರಸಕ್ಕೆ ಅಕ್ಕಿಹಿಟ್ಟು, ತೆಂಗಿನಕಾಯಿ ಕಲಸಿ ಕರಿದ ಉಂಡೆ, ಅಷ್ಟೆ. ಹಣ್ಣನ್ನು ಎಣ್ಣೆಗೆ ಬಿಡುವ ವಿದ್ಯೆ ಬಂಗಾಳಿಗಳಿಗೆ ಮಾತ್ರ ಗೊತ್ತು ಎನ್ನುವ ಹಾಗೆ ಒಂದು ಭಾಷಣ ಬೇರೆ. ಈ ವರ್ಷ ನನಗೆ ತಡೆಯಲಿಲ್ಲ. ಹನ್ನೆರಡನೇ ತಾರೀಕಿಗೆ ಜನ್ಮಾಷ್ಟಮಿ, ಸಂಜೆ ಬೆಹಾಲಾಕ್ಕೆ ನಮ್ಮ ಮನೆಗೆ ಬನ್ನಿ, ಉಡುಪಿ ಕಡೆಯ ಬಾಳೆಹಣ್ಣಿನ ಮುಳ್ಕ ತಿಂದು ಆಮೇಲೆ ಮಾತಾಡಿ ಎಂದೆ. ಅವರೊಂದಿಗೆ ಇನ್ನೂ ಮೂವರು ಬಂದರು.

ಅವರನ್ನು ಕರೆದ ದಿನವೇ ಹೆಂಡತಿ ಗುಲಾಬಿ ಕೊಂಕು ತೆಗೆದಳು. "ನಮ್ಮ ಅಷ್ಟಮಿ ಇನ್ನೂ ಬರ್ಲೇ ಇಲ್ಲ. ಸೋಣ ತಿಂಗಳು ಹುಟ್ಟದೆ ಎಂತ ಅಷ್ಟಮಿ ಮಾರಾಯ್ರೆ?" ನಿಜ. ನಮ್ಮದು ಸೌರಮಾನ, ಊರಿನಲ್ಲಿ ಅಷ್ಟಮಿ ಈ ವರ್ಷ ಸೆಪ್ಟೆಂಬರ್ ಹತ್ತಕ್ಕೆ. ಇಲ್ಲಿಯವರದ್ದು ಮುಗಿದು ಒಂದು ತಿಂಗಳಿಗೆ ನಮ್ಮದು. ಆದರೆ ಕಲ್ಕತ್ತ ಉಡುಪಿ ಪಂಚಾಂಗ ನೋಡಿಕೊಂಡು ನಡೆಯುತ್ತದೆಯೇ? "ನಮ್ಮ ಅಷ್ಟಮಿ ಅಲ್ಲದಿದ್ದರೆ ಒಳ್ಳೆಯದೇ ಆಯ್ತು. ನೈವೇದ್ಯದ ತಾಪತ್ರಯ ಇಲ್ಲ. ಸುಮ್ಮನೆ ಕರಿದು ಕೊಡು" ಎಂದೆ.

ಎರಡನೆಯ ತಪ್ಪು ಕರೆಂಟಿನದ್ದು. ಮೇ ತಿಂಗಳಲ್ಲಿ ಮತ್ತೆ ಗೆದ್ದು ಬಂದ ಈ ಸರಕಾರ ಕೆಂಪು ಬಾವುಟ ಹಾರಿಸುವುದರಲ್ಲಿ ತೋರಿಸುವ ಉತ್ಸಾಹವನ್ನು ಬಲ್ಬು ಉರಿಸುವುದರಲ್ಲಿ ತೋರಿಸಬಾರದೇ? ಅತಿಥಿಗಳು ಕೂತದ್ದೇ ಲೋಡ್ ಶೆಡ್ಡಿಂಗ್. ಲಾಟೀನು ಹಾಲಿಗೆ ತರಿಸಿದೆ. ನಾಲ್ಕು ಜನ ಕತ್ತಲೆಯಲ್ಲಿ ಕೂರಲಿಕ್ಕಾಗುತ್ತದೆಯೇ? ಅಡುಗೆಮನೆಗೆ ಮೇಣದ ಬತ್ತಿ ಸಾಕಿತ್ತು. ಅವಳು ಬತ್ತಿಯನ್ನು ಎಲ್ಲಿಟ್ಟಳೋ, ಬಾಣಲೆ ಹೇಗೆ ವಾಲಿತೋ. ಒಂದು ಕೂಗು ಕೇಳಿತು. ಜಿರಳೆ ಕಂಡಿರಬೇಕು ಎಂದುಕೊಂಡೆ. ಸನ್ಯಾಲರು ಅರ್ಧ ಎದ್ದಿದ್ದರು, ನಾನೇ ಕೂರಿಸಿ, "ಮೊದಲು ಆದಷ್ಟನ್ನು ತಟ್ಟೆಯಲ್ಲಿ ಕಳಿಸು" ಎಂದು ಕೂಗಿದೆ.

ಕಾದ ಎಣ್ಣೆ ಬಲಗೈಯ ಮೇಲೆ, ಬೆರಳಿನಿಂದ ಮಣಿಕಟ್ಟು ದಾಟಿ. ಮಗಳು ಶೋಭನಾ ನೀರು ಸುರಿದಳು. ಆಮೇಲೆ ಎಲ್ಲ ಸನ್ಯಾಲರದ್ದೇ ಕಾರುಬಾರು. ಟ್ಯಾಕ್ಸಿ ಅವರದ್ದು, ಡಾಕ್ಟರರ ಹತ್ತಿರ ಬಂಗಾಳಿಯಲ್ಲಿ ಮಾತು ಅವರದ್ದು. ನನ್ನ ಹೆಂಡತಿ, ನನ್ನ ಮನೆ, ನಾನು ಮೂಲೆಯಲ್ಲಿ ಕೊಡೆ ಹಿಡಿದುಕೊಂಡು ನಿಂತಿದ್ದೆ. ಮೈಯೆಲ್ಲ ಉರಿದುಹೋಯಿತು.

೧೬ ಆಗಸ್ಟ್, ಸೋಮವಾರ

ಸನ್ಯಾಲರು ನಗುತ್ತಾ, "ಪುಂಡಲೀಕ್ ಬಾಬು, ಈ ವರ್ಷವೂ ತಾಳೆಯೇ ಗೆದ್ದಿತು" ಎಂದರು. ತಮಾಷೆಗೇ ಇರಬಹುದು. ನನಗೆ ಪಿತ್ತ ನೆತ್ತಿಗೇರಿತು. ನಮ್ಮ ನಿಜವಾದ ಅಷ್ಟಮಿ ಇನ್ನೂ ಆಗಿಲ್ಲ, ಸೆಪ್ಟೆಂಬರ್ ಹನ್ನೊಂದು ಶನಿವಾರ, ಅಷ್ಟಮಿಯ ಮರುದಿನ ವಿಟ್ಲಪಿಂಡಿಯ ಸಂಜೆ, ಇದೇ ನಾಲ್ವರೂ ಬರತಕ್ಕದ್ದು ಎಂದು ಹೇಳಿಬಿಟ್ಟೆ. ಅಷ್ಟರಲ್ಲಿ ಇವಳ ಕೈ ಗುಣವಾಗದೇ ಏನು?

ಮನೆಯಲ್ಲಿ ಹೇಳಿದೆ. ಗುಲಾಬಿ ನನ್ನ ಕಡೆ ತಿರುಗಲಿಲ್ಲ. ನಾನು ಎದುರಿಗೇ ನಿಂತಿದ್ದೇನೆ, ಮಗಳಿಗೆ ಹೇಳುತ್ತಾಳೆ: "ಶೋಭನಾ, ಜನ ಕರ್ದವರೇ ಎಣ್ಣೆ ಕಾಯಿಸ್ಲಿ ಅಂತ ಹೇಳು ನಿನ್ನ ಅಪ್ಪನಿಗೆ. ನಾನು ಇನ್ನು ಬಾಣಲೆ ಮುಟ್ಟುದಿಲ್ಲ."

ಮುಟ್ಟಬೇಡ! ಅದರಲ್ಲಿ ಏನಿದೆ ಮಹಾ? ಬಾಳೆಹಣ್ಣು, ಬೆಲ್ಲ, ಅಕ್ಕಿ, ಕಾಯಿ. ಬ್ಯಾಂಕಿಂಗ್ ಪರೀಕ್ಷೆಯ ಎರಡೂ ಭಾಗಗಳನ್ನು ಒಂದೇ ಸಲಕ್ಕೆ ಪಾಸು ಮಾಡಿದವನು ನಾನು. ನಾನೇ ಕರಿದು ತೋರಿಸುತ್ತೇನೆ.

೧೯ ಆಗಸ್ಟ್, ಗುರುವಾರ

ಇವತ್ತು ನೇರವಾಗಿ ನನ್ನ ಹತ್ತಿರ ಮಾತಾಡಿದಳು. ಮಾತಾಡದಿದ್ದರೇ ಚೆನ್ನಾಗಿತ್ತು.

"ಬ್ಯಾಂಡೇಜ್ ಬಿಚ್ಚಿದ ಮೇಲೆ ನಾನು ಊರಿಗೆ ಹೋಗುದು. ಅಣ್ಣನಲ್ಲಿಗೆ. ಅಷ್ಟಮಿ ಕಳ್ದು ಒಂದು ಟಿಕೆಟ್ ತೆಗ್ದಿಡಿ. ಹೋಗ್ಲಿಕ್ಕೆ ಮಾತ್ರ."

"ಬರ್ಲಿಕ್ಕೆ?" ಎಂದೆ.

"ಅದನ್ನು ಈಗ ಹೇಳ್ಲಿಕ್ಕೆ ಆಗುದಿಲ್ಲ."

ಇಪ್ಪತ್ತು ವರ್ಷ ಸಂಸಾರ ಮಾಡಿ, ಹನ್ನೊಂದನೇ ಕ್ಲಾಸಿನ ಮಗಳನ್ನು ಎದುರಿಗಿಟ್ಟುಕೊಂಡು ಈ ಮಾತು! ಇದೆಲ್ಲ ಅವಳ ಅಣ್ಣ ದೇವದಾಸನ ಕಿತಾಪತಿ. ಮದುವೆಯ ದಿನದಿಂದ ನನ್ನನ್ನು ಕಂಡರೆ ಅವನಿಗೆ ಆಗದು. ಟಿಕೆಟು ತೆಗೆಯುವುದಿಲ್ಲ, ಏನು ಮಾಡುತ್ತಾಳೆ ನೋಡೋಣ ಎಂದು ಮನಸ್ಸಿನಲ್ಲೇ ಹೇಳಿಕೊಂಡೆ.

೨೨ ಆಗಸ್ಟ್, ಭಾನುವಾರ

ಚೌತಿ. ಈ ವರ್ಷ ಅಷ್ಟಮಿಗಿಂತ ಮೊದಲೇ ಗಣಪತಿ ಬಂದುಬಿಟ್ಟಿದ್ದಾನೆ. ಅವನಿಗೆ ಬಾಳೆಹಣ್ಣು, ಬೆಲ್ಲ ಮಾತ್ರ. ಉಳಿದ ಹಣ್ಣಿನಲ್ಲಿ ಮುಳ್ಕದ ಅಭ್ಯಾಸ ಮಾಡಿದೆ.

ಹಣ್ಣು ಒಳ್ಳೆಯದಿರಲಿ ಎಂದು 'ಮರ್ತಮಾನ್' ತಂದಿದ್ದೆ, ಉದ್ದದ್ದು, ಚಂದದ್ದು, ಮುಟ್ಟಿದರೆ ಬೆಣ್ಣೆ. ನೆನೆಸಿದ ಅಕ್ಕಿ, ಬೆಲ್ಲ, ಕಾಯಿತುರಿ ಎಲ್ಲ ಹಾಕಿ ಕಡೆಯುವ ಕಲ್ಲಿನ ಮುಂದೆ ಕೂತೆ. ಮಿಕ್ಸಿ ಇದೆ, ಆದರೆ ಕರೆಂಟು ಎಲ್ಲಿದೆ? ಮಂಗಳೂರಿನಿಂದ ಮದ್ರಾಸು, ಮದ್ರಾಸಿನಿಂದ ಹೌರಾ, ರೈಲಿನಲ್ಲಿ ಆ ಕಲ್ಲನ್ನು ಹೊತ್ತು ತಂದವಳು ಅವಳು. ಆಗ ನಾನು ಬೈದಿದ್ದೆ. ಕಲ್ಲು ತಿರುಗಲಿಲ್ಲ. ಸ್ವಲ್ಪ ನೀರು ಹಾಕಿದೆ, ತಿರುಗಿತು. ಇನ್ನೂ ಸ್ವಲ್ಪ ಹಾಕಿದೆ.

ಎಣ್ಣೆಗೆ ಬಿಟ್ಟರೆ ಉಂಡೆ ಎಲ್ಲಿಯದು? ದೋಸೆಯ ಹಾಗೆ ಹರಡಿಕೊಂಡು, ಅರ್ಧ ತಳಕ್ಕೆ ಅಂಟಿ, ಅರ್ಧ ನೊರೆಯಾಗಿ ಮೇಲೆ ಬಂತು. ಒಂದು ಬಾಣಲೆ ಎಣ್ಣೆ ಕುಡಿದು ಕೂತಿತು. ಶೋಭನಾ ಒಂದು ಚೂರು ಬಾಯಿಗೆ ಹಾಕಿ, "ಅಪ್ಪ, ಟೇಸ್ಟ್ ಈಸ್ ಓಕೆ, ಬಟ್ ಇದು ಏನು?" ಎಂದಳು.

ಹಣ್ಣಿನವನದ್ದೇ ಮೋಸ. ನೀರು ತುಂಬಿದ ಹಣ್ಣು ಕೊಟ್ಟಿದ್ದಾನೆ.

೨೫ ಆಗಸ್ಟ್, ಬುಧವಾರ

ಬ್ಯಾಂಕಿನಿಂದ ಬುಕಿಂಗ್ ಆಫೀಸಿಗೆ ನಡೆದರೆ ಹತ್ತು ನಿಮಿಷ. ಊಟದ ಬಿಡುವಿನಲ್ಲಿ ಆ ಕಡೆ ಹೋಗಿದ್ದೆ, ಟಿಕೆಟು ತೆಗೆಯಲಿಕ್ಕಲ್ಲ, ಸುಮ್ಮನೆ. ಬಿಬಿಡಿ ಬಾಗ್ ತುಂಬ ಮೆರವಣಿಗೆ, "ಚೊಲ್ಬೆ ನಾ, ಚೊಲ್ಬೆ ನಾ". ಯಾವುದು ನಡೆಯುವುದಿಲ್ಲವಂತೆ ಎಂದು ಕೇಳಿದರೆ ಬಾವುಟ ಹಿಡಿದವನಿಗೇ ಗೊತ್ತಿಲ್ಲ. ವಾಪಸು ಬಂದೆ.

ಸಂಜೆ ಅವಳು ಕೇಳಿದಳು. ಮೆರವಣಿಗೆ ಇತ್ತು ಎಂದೆ. ನಿಜವನ್ನೇ ಹೇಳಿದೆನಲ್ಲ? ಮತ್ತೆ ಯಾಕೆ ಹಾಗೆ ನೋಡಬೇಕು!

೨೯ ಆಗಸ್ಟ್, ಭಾನುವಾರ

ಈ ಊರಿನಲ್ಲಿ ತೆಂಗಿನೆಣ್ಣೆ ಎಂದರೆ ಏನೆಂದು ಇವತ್ತು ತಿಳಿಯಿತು. ತಿಳಿಯದಿದ್ದರೂ ನಡೆಯುತ್ತಿತ್ತು.

ಊರಿನಿಂದ ತಂದ ಡಬ್ಬಿ ಕಳೆದ ಭಾನುವಾರ ಖಾಲಿಯಾಯಿತು. ಸಾಸಿವೆ ಎಣ್ಣೆಯಲ್ಲಿ ಮುಳ್ಕ ಕರಿದರೆ ಮೀನಿನ ಮನೆಯ ಘಾಟು. ಮೂಲೆಯ ಅಂಗಡಿಗೆ ಹೋಗಿ ಜಂಬದಿಂದ "ನಾರ್ಕೋಲ್ ತೇಲ್" ಎಂದೆ. ಎರಡು ಬಾಟಲಿ ಕೊಟ್ಟ. ಇಷ್ಟು ಚಿಕ್ಕ ಬಾಟಲಿಯೇ ಎಂದೆನಿಸಿತು, ಇನ್ನೂ ನಾಲ್ಕು ತೆಗೆದುಕೊಂಡೆ. ಅಂಗಡಿಯವನು ನನ್ನ ಬೋಳುತಲೆಯನ್ನೊಮ್ಮೆ ನೋಡಿದ. ಯಾಕೆಂದು ಆಗ ಹೊಳೆಯಲಿಲ್ಲ.

ಹಿಟ್ಟು ಈ ಸಲ ಪರವಾಗಿರಲಿಲ್ಲ. ಹಣ್ಣು 'ಕಾಂಠಾಲಿ', ಗಿಡ್ಡ ಜಾತಿಯದ್ದು, ಪೂಜೆಗೆ ತೆಗೆದುಕೊಂಡು ಹೋಗುತ್ತಾರಲ್ಲ ಅದು. ನೀರು ತೊಟ್ಟೂ ಹಾಕಲಿಲ್ಲ, ಭುಜ ಬಿದ್ದುಹೋಯಿತು. ಎಣ್ಣೆ ಕಾಯುತ್ತಿದ್ದ ಹಾಗೆ ಮನೆಯೆಲ್ಲ ಮಲ್ಲಿಗೆಯ ಪರಿಮಳ! ಶೋಭನಾ ಓಡಿಬಂದು ಬಾಟಲಿ ತಿರುಗಿಸಿ ಓದಿ, "ಅಪ್ಪ! ಇದು ಮಾಥಾಯ್ ಹಾಕೋದು! ಹೇರ್ ಆಯಿಲ್!" ಎಂದು ನೆಲದ ಮೇಲೆ ಕೂತು ನಗತೊಡಗಿದಳು.

ಒಳಕೋಣೆಯಿಂದಲೂ ನಗು ಕೇಳಿತು. ಅವಳದ್ದೇ. ಈ ಮನೆಯಲ್ಲಿ ಆ ಸದ್ದು ಕೇಳದೆ ಎಷ್ಟು ಕಾಲವಾಗಿತ್ತೋ ಏನೋ. ನನಗೆ ಕೆಟ್ಟ ಸಿಟ್ಟು ಬಂತು. ಬಾಣಲೆ ಇಳಿಸಿ ಹೊರಗೆ ಹೋಗಿ ಟ್ರಾಮ್ ಹತ್ತಿ ಸುಮ್ಮನೆ ಒಂದು ಸುತ್ತು ಹೋಗಿ ಬಂದೆ. ಬರುವಷ್ಟರಲ್ಲಿ ಶೋಭನಾ ಬಾಗಿಲಲ್ಲೇ ಹೇಳಿದಳು: "ಅಪ್ಪ, ಲೇಕ್ ಮಾರ್ಕೆಟ್‌ನಲ್ಲಿ ಕುಕಿಂಗ್‌ದು ಸಿಗುತ್ತಂತೆ. ಅಮ್ಮ ಹೇಳಿದ್ದು."

ಹೇಳುವುದಿದ್ದರೆ ಮೊದಲೇ ಹೇಳಬಾರದೇ?

೨ ಸೆಪ್ಟೆಂಬರ್, ಗುರುವಾರ

ಲೇಕ್ ಮಾರ್ಕೆಟ್. ಎಣ್ಣೆ ಸಿಕ್ಕಿತು. ಬುಕಿಂಗ್ ಆಫೀಸಿಗೆ ಹೋಗಲಿಲ್ಲ, ಹೊತ್ತಿರಲಿಲ್ಲ.

೫ ಸೆಪ್ಟೆಂಬರ್, ಭಾನುವಾರ

ಎಡಗೈಯಲ್ಲಿ ಬರೆಯುತ್ತಿದ್ದೇನೆ, ಅಕ್ಷರ ಓಡುತ್ತಿಲ್ಲ.

ಮುಳ್ಕ ಗುಂಡಗೆ ಬರತೊಡಗಿತ್ತು. ಒಂದು ಮಾತ್ರ ಒಳಗೆ ಗಾಳಿ ಹಿಡಿದು ಪಟ್ಟನೆ ಸಿಡಿಯಿತು. ಬಲ ಮುಂಗೈ ಮೇಲೆ ಒಂದು ರೂಪಾಯಿ ಅಗಲ ಎಣ್ಣೆ. ಒಂದು ರೂಪಾಯಿ ಅಗಲ, ಅಷ್ಟೇ! ಪ್ರಾಣ ಹೋದ ಹಾಗಾಯಿತು. ಕೂಗಿಕೊಂಡೆ.

ನನ್ನ ಕೂಗು ಮುಗಿಯುವ ಮೊದಲೇ ಗುಲಾಬಿ ಅಡುಗೆಮನೆಯಲ್ಲಿದ್ದಳು. ಬ್ಯಾಂಡೇಜು ಸುತ್ತಿದ ಕೈಯನ್ನು ಎದೆಗೊತ್ತಿಕೊಂಡು, ಎಡಗೈಯಿಂದ ಸ್ಟವಿನ ಬತ್ತಿ ಇಳಿಸಿದಳು, ನನ್ನ ಕೈ ಎಳೆದು ನಲ್ಲಿಯ ಕೆಳಗೆ ಹಿಡಿದಳು. ಬಾಣಲೆಯಲ್ಲಿ ಇದ್ದವು ಕರಕಲಾದವು. "ಮುಳ್ಕ ತೆಗಿ, ಮುಳ್ಕ ಹೋಯ್ತು" ಎಂದೆ.

"ಹೋಗ್ಲಿ ಅದು" ಎಂದಳು. "ಕೈ ಅಲ್ಲಾಡಿಸ್ಬೇಡಿ."

ಯಾರು ಕರೆದಿದ್ದರು ಅವಳನ್ನು? ಇಷ್ಟು ಚೆನ್ನಾಗಿ ಬಂದ ಒಂದು ಬಾಣಲೆ ಮುಳ್ಕ ಹಾಳಾಯಿತು. ನೀರಿನ ಕೆಳಗೆ ಎಷ್ಟು ಹೊತ್ತು ಹಿಡಿದುಕೊಂಡಿದ್ದಳೋ, ಬಿಟ್ಟ ಮೇಲೂ ಉರಿ. ರಾತ್ರಿಯೂ ಉರಿ. ಇಷ್ಟಗಲಕ್ಕೆ ಇಷ್ಟು ಉರಿಯಾದರೆ...

ಸಾಕು. ಅಕ್ಷರ ಓಡುತ್ತಿಲ್ಲ.

೮ ಸೆಪ್ಟೆಂಬರ್, ಬುಧವಾರ

ಅವಳ ಬ್ಯಾಂಡೇಜು ಬಿಚ್ಚಿದರು. ನಾನು ರಜೆ ಹಾಕಿ ಹೋಗಿದ್ದೆ. ಡಾಕ್ಟರರ ಹತ್ತಿರ ನಾನೇ ಮಾತಾಡಿದೆ, ಅರ್ಧ ಹಿಂದಿ ಅರ್ಧ ಬಂಗಾಳಿ. ಚರ್ಮ ಹೊಸದು, ಗುಲಾಬಿ ಬಣ್ಣ, ಹೊಳೆಯುತ್ತದೆ. ನಡುವಿನ ಎರಡು ಬೆರಳು ಪೂರ್ತಿ ಮಡಚುವುದಿಲ್ಲ. ಮಡಚಬಹುದು, ಮಡಚದೆಯೂ ಇರಬಹುದು ಎಂದ ಆ ಡಾಕ್ಟರ್. ಇದನ್ನು ಹೇಳಲಿಕ್ಕೆ ಅಷ್ಟೆಲ್ಲ ಓದಬೇಕೇ?

೧೦ ಸೆಪ್ಟೆಂಬರ್, ಶುಕ್ರವಾರ

ನಮ್ಮ ಅಷ್ಟಮಿ. ನಾನೂ ಉಪವಾಸ ಮಾಡಿದೆ. ಪ್ರತಿವರ್ಷವೂ ಮಾಡುತ್ತೇನೆ, ಬ್ಯಾಂಕಿನ ಕುರ್ಚಿಯಲ್ಲಿ ಕೂತು, ಚಹಾ ಕುಡಿದು. ಖಾಲಿ ಹೊಟ್ಟೆಯಲ್ಲಿ ಬಾಣಲೆಯ ಮುಂದೆ ನಿಲ್ಲುವುದು ಬೇರೆಯೇ ಬಾಬತ್ತು. ಪರಿಮಳ ಮೂಗಿಗೆ ಹೊಡೆಯುತ್ತದೆ, ಹೊಟ್ಟೆ ಬೆನ್ನಿಗೆ ಅಂಟುತ್ತದೆ, ಒಂದು ಚೂರು ಬಾಯಿಗಿಡುವ ಹಾಗಿಲ್ಲ. ದೇವರಿಗೆ ಇಡುವ ಮೊದಲು ರುಚಿ ನೋಡಿದರೆ ನೈವೇದ್ಯ ಹೇಗಾಗುತ್ತದೆ?

ಅಲ್ಲಿ ನನಗೆ ತಲೆ ಕೆಟ್ಟಿತು. ರುಚಿ ನೋಡದೆ ಉಪ್ಪು ಸರಿಯಾಗಿದೆಯೆಂದು ತಿಳಿಯುವುದು ಹೇಗೆ? ಬೆಲ್ಲ ಸಾಕಾಯಿತೆಂದು ಹೇಳುವವರು ಯಾರು? ಇಪ್ಪತ್ತು ಅಷ್ಟಮಿಗಳಲ್ಲಿ ಅವಳು ತಟ್ಟೆ ತಂದಿಟ್ಟಾಗ ನಾನು ಏನು ಹೇಳುತ್ತಿದ್ದೆನೆಂದು ನೆನಪು ಮಾಡಿಕೊಂಡೆ. "ಉಪ್ಪು ಒಂದು ಕಲ್ಲು ಮುಂದಾಯ್ತು." "ಸಿಹಿ ಕಡಿಮೆ." ಅವಳು ಒಂದು ಸಲವಾದರೂ, ರುಚಿ ನೋಡ್ಲಿಕ್ಕಿಲ್ಲ ಮಾರಾಯ್ರೆ, ಎಂದು ತಿರುಗಿ ಹೇಳಿದ್ದರೆ? ಹೇಳಬೇಕಿತ್ತು. ಬಾಯಿ ಇರಲಿಲ್ಲವೇ?

ಹಾಲಿಗೆ ಹೋಗಿ ಕೇಳಿಯೇಬಿಟ್ಟೆ. "ಉಪ್ಪು ಎಷ್ಟು ಅಂತ ಹೇಗೆ ಗೊತ್ತಾಗ್ತದೆ?"

ಅವಳು ಹೂ ಕಟ್ಟಲು ಹೋಗಿ ಆಗದೆ, ಬಿಡಿಹೂವನ್ನೇ ತಟ್ಟೆಯಲ್ಲಿ ಜೋಡಿಸುತ್ತಿದ್ದಳು. "ಗೊತ್ತಾಗುದಿಲ್ಲ" ಎಂದಳು. "ಹೆದರಿಕೊಂಡೇ ಹಾಕುದು."

೧೨ ಸೆಪ್ಟೆಂಬರ್, ಭಾನುವಾರ

ನಿನ್ನೆ ಬರೆಯಲಿಕ್ಕೆ ಆಗಲಿಲ್ಲ.

ನಾಲ್ವರೂ ಬಂದರು. ಬಿಸಿಬಿಸಿ ಕೊಡಬೇಕೆಂದು ನಾನು ಹೊಸ ಹಿಟ್ಟು ಕಡೆದಿಟ್ಟು ಒಳಗೇ ನಿಂತಿದ್ದೆ. ಗುಲಾಬಿ ಹಾಲಿನಲ್ಲಿ, ನಾನು ಯಾವಾಗಲೂ ಕೂರುವ ಬೆತ್ತದ ಕುರ್ಚಿಯಲ್ಲಿ. ಕೂರು ಎಂದವನು ನಾನೇ. ಶೋಭನಾ ತಟ್ಟೆ ಸಾಗಿಸುತ್ತಿದ್ದಳು. ಕರೆಂಟು ಹೋಯಿತು. ಶೋಭನಾ ಲಾಟೀನು ಹಚ್ಚಿ ನನ್ನ ಪಕ್ಕದಲ್ಲಿ ತಂದಿಟ್ಟಳು. ಹಾಲಿನಲ್ಲಿ ಮೇಣದ ಬತ್ತಿ. ಯಾರು ಹೇಳಿದ್ದೋ, ನಾನಂತೂ ಹೇಳಲಿಲ್ಲ.

ಬೆವರು ಕಣ್ಣಿಗೆ ಇಳಿಯುತ್ತಿದೆ, ಕಾಲು ಸೋತಿದೆ, ಹಾಲಿನಲ್ಲಿ ಗಹಗಹ ನಗು. ಫುಟ್ಬಾಲು, ಮೆಟ್ರೋ ರೈಲಿನ ಗುಂಡಿ, ಯಾರದ್ದೋ ಪ್ರಮೋಷನ್. ಅಡುಗೆಮನೆಯಲ್ಲಿ ಒಬ್ಬ ಮನುಷ್ಯ ಇದ್ದಾನೆಂದು ಆ ನಗುವಿಗೆ ಗೊತ್ತೇ ಇಲ್ಲ. ಒಂದು ಗೋಡೆ ಅಷ್ಟೇ ಅಡ್ಡ. ಇಲ್ಲಿ ನಿಂತು ಕೇಳಿದರೆ ಅದು ಎಂಥ ಸದ್ದು ಎಂದು ಬರೆಯಲಿಕ್ಕೆ ಬರುವುದಿಲ್ಲ. ಬಾಣಲೆಯನ್ನೇ ಎತ್ತಿಕೊಂಡು ಹೋಗಿ ಅವರ ನಡುವೆ ಇಡೋಣ ಎನ್ನಿಸಿತು.

"ಪುಂಡಲೀಕ್ ಬಾಬು, ಇನ್ನೊಂದು ತಟ್ಟೆ ಎಷ್ಟು ದೂರ?" ಸನ್ಯಾಲರ ಗಂಟಲು. ಹಿಂದೆಯೇ ಮತ್ತೊಬ್ಬ: "ಸ್ವಲ್ಪ ಗಟ್ಟಿಯಾಯಿತು, ಹಲ್ಲು ಜೋಪಾನ!" ಎಲ್ಲರೂ ನಕ್ಕರು. "ತಾಳೆಯೇ ಮೇಲು, ಏನಂತೀರಿ ಬೌದಿ?"

ನಾನು ತೂತಿನ ಸೌಟು ಹಿಡಿದುಕೊಂಡು ಕಾದೆ. ಅವಳು ಈಗ ನಗುತ್ತಾಳೆ. ನಗಲಿಕ್ಕೆ ಅವಳಿಗೆ ಹಕ್ಕೂ ಇತ್ತು, ಇಪ್ಪತ್ತು ವರ್ಷದ ಬಡ್ಡಿ ಸಮೇತ.

ಗುಲಾಬಿ ಬಂಗಾಳಿಯಲ್ಲಿ ಹೇಳಿದಳು. ಅವಳಿಗೆ ಇಷ್ಟು ಬಂಗಾಳಿ ಬರುತ್ತದೆಂದು ನನಗೆ ಗೊತ್ತಿರಲಿಲ್ಲ. "ಅವರು ಬೆಳಿಗ್ಗೆಯಿಂದ ಒಲೆಯ ಎದುರು ನಿಂತಿದ್ದಾರೆ. ಅವರೂ ಬಂದು ಕೂತುಕೊಳ್ಳಲಿ. ಆಮೇಲೆ ಎಲ್ಲರೂ ಒಟ್ಟಿಗೆ ತಿನ್ನುವ."

ಸನ್ಯಾಲರು ಎದ್ದು ಬಂದು, "ಸರಿಯಾದ ಮಾತು, ಬನ್ನಿ ಬನ್ನಿ" ಎಂದು ನನ್ನ ಭುಜ ಹಿಡಿದರು. ನಾನು ಹೋಗಲಿಲ್ಲ. ಹಿಟ್ಟು ಇನ್ನೂ ಉಳಿದಿದೆ ಎಂದು ಗದರಿಸಿ ಕಳಿಸಿ, ಅಡುಗೆಮನೆಯ ನೆಲದ ಮೇಲೆ ಕೂತುಬಿಟ್ಟೆ. ಯಾಕೆ ಅಷ್ಟು ಸಿಟ್ಟು ಬಂತು? ಅವಳು ನನ್ನ ಪರವಾಗಿಯೇ ತಾನೇ ಮಾತಾಡಿದ್ದು? ನಾಲ್ಕು ಜನರೆದುರು ಒಂದು ಮಾತು. ಆಡಲಿಕ್ಕೆ ಎಷ್ಟು ಹೊತ್ತು ಬೇಕು? ಯಾರ ಗಂಟು ಹೋಗುತ್ತದೆ? ಇಪ್ಪತ್ತು ವರ್ಷ ಅದೇ ಕುರ್ಚಿಯಲ್ಲಿ ಕೂತವನ ಬಾಯಿಗೆ ಏನಾಗಿತ್ತು?

ಇವತ್ತು ಯಾರ ಮೇಲೆ ಸಿಟ್ಟೆಂದು ಬರೆಯಲು ಪೆನ್ನು ಹಿಡಿದು ಕೂತಿದ್ದೇನೆ. ಕರೆಂಟು ಇದೆ. ಹಣ್ಣಿನವನು ಒಳ್ಳೆಯ ಹಣ್ಣೇ ಕೊಟ್ಟಿದ್ದ.

೧೩ ಸೆಪ್ಟೆಂಬರ್, ಸೋಮವಾರ

ಊಟದ ಬಿಡುವಿಗೆ ಕಾಯದೆ ಬೆಳಿಗ್ಗೆಯೇ ಹೋಗಿ ಸಾಲಿನಲ್ಲಿ ನಿಂತೆ. ಮದ್ರಾಸಿನ ಮೇಲೆ ಮಂಗಳೂರು. ಒಂದು. ಹೋಗಲಿಕ್ಕೆ ಮಾತ್ರ.

ಸಂಜೆ ಶೋಭನಾ ಟ್ಯೂಷನ್ನಿಗೆ ಹೋಗಿದ್ದಳು. ಗುಲಾಬಿ ಕಿಟಕಿಯ ಹತ್ತಿರ ಕೂತು ಬಲಗೈಯ ಬೆರಳುಗಳನ್ನು ಎಡಗೈಯಿಂದ ಒಂದೊಂದಾಗಿ ಮಡಚಿ ಬಿಡಿಸುತ್ತಿದ್ದಳು, ಡಾಕ್ಟರರು ಹೇಳಿಕೊಟ್ಟ ಹಾಗೆ. ಟಿಕೆಟು ಕೊಟ್ಟೆ. ಹೋಗಬೇಡ ಎನ್ನಬೇಕೆಂದು ದಾರಿಯುದ್ದಕ್ಕೂ ಅಂದುಕೊಂಡು ಬಂದಿದ್ದೆ. ಬಾಯಿಗೆ ಬಂದದ್ದು ಬೇರೆ.

"ಕೈ ನೋಯ್ತದಾ?" ಎಂದೆ.

ಅವಳು ಬೆರಳು ಮಡಚುವುದನ್ನು ನಿಲ್ಲಿಸಿ ನನ್ನ ಮುಖ ನೋಡಿದಳು. ಸಿಟ್ಟಿನಿಂದಲ್ಲ. ಸಿಟ್ಟಾಗಿದ್ದರೆ ನನಗೆ ಗೊತ್ತಿತ್ತು, ನಾನೂ ಏನಾದರೂ ಅನ್ನುತ್ತಿದ್ದೆ.

"ಈಗ ಇಲ್ಲ" ಎಂದಳು. "ಆಗ ನೋಯ್ತಿತ್ತು."

ಟಿಕೆಟನ್ನು ಎಡಗೈಯಲ್ಲಿ ತೆಗೆದು ಸೂಟ್‌ಕೇಸಿನ ಒಳಜೇಬಿಗೆ ಹಾಕಿದಳು. ರೈಲು ಶುಕ್ರವಾರ.